ವೀಸಾ ಬಂತು, ಹಕ್ಕು ಬಂತೇ?



ಜೀಡಿಮೆಟ್ಲಾದ ಕಾರ್ಖಾನೆಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವ ನಮಗೆ ಹಾಜರಿ ಪುಸ್ತಕದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗುತ್ತಿಗೆದಾರನ ಬಾಯಿಮಾತು ನಂಬಿ ಗೇಟಿನೊಳಗೆ ಹೋದವನು ಆರು ತಿಂಗಳು ಬೆವರು ಸುರಿಸಿದರೂ, ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಅವನು ಅಲ್ಲಿ ಇರಲೇ ಇಲ್ಲ! ಯಂತ್ರಕ್ಕೆ ಕೈ ಸಿಕ್ಕ ದಿನ "ಇವನಾರೋ ನಮಗೆ ಗೊತ್ತಿಲ್ಲ" ಎನ್ನುತ್ತಾರೆ. ಇ.ಎಸ್.ಐ. ಇಲ್ಲ, ಪರಿಹಾರವೂ ಇಲ್ಲ. ಇಷ್ಟು ಪೆಟ್ಟು ತಿಂದು ಕಲಿತ ನಾವೇ, ಕೊಲ್ಲಿ ದೇಶಕ್ಕೆ ಹೊರಟಾಗ ಆ ಪಾಠವನ್ನು ಮರೆಯುತ್ತೇವೆ.

ನಮ್ಮ ಜೊತೆ ದೋಸೆಕಲ್ಲಿನ ಮುಂದೆ ನಿಂತಿದ್ದ ಬೀದರ ಕಡೆಯ ತಮ್ಮನೊಬ್ಬ ದುಬೈಗೆ ಹೋದ. ಹೊಲ ಅಡವಿಟ್ಟ ಹಣ ದಳ್ಳಾಳಿಯ ಜೇಬಿಗೆ ಹೋಯಿತು. ಅವನ ಕೈಗೆ ಬಂದದ್ದು ಸಂದರ್ಶಕರ ವೀಸಾ. "ಹೋಗಿ ಇಳಿ, ಅಲ್ಲಿ ಬದಲಾಯಿಸಿ ಕೊಡುತ್ತಾರೆ" ಎಂದ ದಳ್ಳಾಳಿ. ಯಾರೂ ಬದಲಾಯಿಸಲಿಲ್ಲ. ಅವಧಿ ಮುಗಿಯಿತು. ಸಂಬಳ ಕೇಳಿದರೆ "ಪೊಲೀಸರನ್ನು ಕರೆಯಲೇ?" ಎಂಬ ಬೆದರಿಕೆ. ಅಲ್ಲಿ ಅವಧಿ ಮೀರಿ ನಿಂತ ಒಂದೊಂದು ದಿನಕ್ಕೂ 50 ದಿರ್ಹಂ ದಂಡ. ಊರಿನಲ್ಲಿ ತಾಯಿ ತೀರಿಕೊಂಡಾಗ ಆ ದಂಡ ಕಟ್ಟಲಾರದೆ ಮಗ ಮಣ್ಣಿಗೆ ಬರಲಿಲ್ಲ.

"ಅವನಿಗೆ ಬುದ್ಧಿಯಿರಲಿಲ್ಲ" ಎನ್ನುವವರು ನಮ್ಮಲ್ಲೇ ಇದ್ದಾರೆ. ನಾವು ಒಪ್ಪುವುದಿಲ್ಲ. ಕಾಗದ ಇರುವುದು ಇಂಗ್ಲಿಷಿನಲ್ಲಿ, ಅರಬ್ಬಿಯಲ್ಲಿ. ಓದಿ ಹೇಳುವವನು ದಳ್ಳಾಳಿ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಮೇಲೆ ಮನೆಯವನನ್ನು ಬೈದು ಫಲವೇನು?

ದಳ್ಳಾಳಿಗೆ ಸಂದರ್ಶಕರ ವೀಸಾದ ಮೇಲೆ ಇಷ್ಟೇಕೆ ಪ್ರೀತಿ? ಕೇಳಿ. ನಮ್ಮಂತೆ ಹತ್ತನೆಯ ತರಗತಿ ಪಾಸಾಗದವರು ಸೌದಿ, ಕುವೈತ್, ದುಬೈ ಮೊದಲಾದ ಕಡೆ ಕೆಲಸಕ್ಕೆ ಹೋಗುವಾಗ, 1983ರ ವಲಸೆ ಕಾಯಿದೆಯ ಮೇರೆಗೆ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ಆ ಕಚೇರಿ ಹೈದರಾಬಾದಿನಲ್ಲೇ ಇದೆ. ಅನುಮತಿ ಬೇಕಾದರೆ ಕೆಲಸದ ಕರಾರು ತೋರಿಸಬೇಕು. 10 ಲಕ್ಷ ರೂಪಾಯಿಯ ಅಪಘಾತ ವಿಮೆ ಮಾಡಿಸಬೇಕು. ದಳ್ಳಾಳಿಯ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯನ್ನು ಮೀರಕೂಡದು. ಸಂದರ್ಶಕನೆಂದು ಕಳಿಸಿದರೆ ಇದಾವುದೂ ಇಲ್ಲ! ನಮ್ಮ ಸರ್ಕಾರದ ಹಾಜರಿ ಪುಸ್ತಕದಲ್ಲೂ ನಮ್ಮ ಹೆಸರಿಲ್ಲ, ಅಲ್ಲಿಯ ಪುಸ್ತಕದಲ್ಲೂ ಇಲ್ಲ.

ನಿಜವಾದ ಕೆಲಸದ ವೀಸಾ ಬಂದರೂ ಮೈಮರೆಯುವಂತಿಲ್ಲ. ಅದರ ಮೇಲಿನ ತಾರೀಖು ಸಾಮಾನ್ಯವಾಗಿ ಆ ದೇಶದೊಳಗೆ ಕಾಲಿಡಲು ಇರುವ ಕೊನೆಯ ದಿನ. ಅಲ್ಲಿ ನೆಲೆಸುವ ಹಕ್ಕು ಬೇರೆ, ಅದಕ್ಕೆ ಬೇರೆ ನೋಂದಣಿ ಬೇಕು. ಸೌದಿಯಲ್ಲಿ ಇಳಿದ 90 ದಿನಗಳೊಳಗೆ ಇಕಾಮಾ ಆಗಬೇಕು. ದುಬೈ, ಅಬುಧಾಬಿಗಳಲ್ಲಿ ಸುಮಾರು 60 ದಿನಗಳೊಳಗೆ ವೈದ್ಯಪರೀಕ್ಷೆ, ಗುರುತಿನ ಚೀಟಿ, ವಾಸದ ಪರವಾನಗಿ ಮುಗಿಯಬೇಕು. ಆ ಚೀಟಿಗೂ ಕೊನೆಯ ತಾರೀಖುಂಟು, ಅದನ್ನೂ ನೆನಪಿಡಬೇಕು.

ಈ ಖರ್ಚು ಯಾರದು? ಮಾಲೀಕನದು! ಇಕಾಮಾದ ಶುಲ್ಕವನ್ನೂ, ತಡವಾದರೆ ಬೀಳುವ ದಂಡವನ್ನೂ ಮಾಲೀಕನೇ ಕಟ್ಟಬೇಕೆಂದು ಸೌದಿಯ ಕಾರ್ಮಿಕ ಕಾಯಿದೆಯ 40ನೆಯ ಕಲಮು ಹೇಳುತ್ತದೆ. ನೇಮಕದ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡಕೂಡದೆಂದು ಎಮಿರೇಟುಗಳ 2021ರ ಕಾಯಿದೆ ಹೇಳುತ್ತದೆ. ಕಾಯಿದೆ ಮಾಲೀಕನ ಮೇಲೆ, ಶಿಕ್ಷೆ ಮಾತ್ರ ನಮ್ಮ ಮೇಲೆ. ಇದು ಎಲ್ಲಿಯ ನ್ಯಾಯ? 2024ರ ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಎಮಿರೇಟುಗಳ ಸರ್ಕಾರ ಅವಧಿ ಮೀರಿದವರಿಗೆ ಕ್ಷಮಾದಾನ ನೀಡಿತು. ದಂಡ ಮನ್ನಾ ಆದದ್ದು ಒಳ್ಳೆಯದೇ. ಆದರೆ ತಪ್ಪು ಮಾಡಿದವರು ಯಾರು, ಕ್ಷಮೆಗೆ ಸಾಲು ನಿಂತವರು ಯಾರು?

ನಮ್ಮವರಿಗೂ ಒಂದು ಮಾತು. ಕೊಲ್ಲಿಯಿಂದ ರಜೆಗೆ ಬಂದು ಸೆಂಟು ಹಂಚುವ ಅಣ್ಣಂದಿರೇ, ಅಲ್ಲಿ ಕಾಗದವಿಲ್ಲದೆ ಅಡಗಿ ಕಳೆದ ರಾತ್ರಿಗಳನ್ನೂ ಹೇಳಿ. ನಿಮ್ಮ ಮೌನವೇ ದಳ್ಳಾಳಿಯ ಬಂಡವಾಳ.

ನಮ್ಮ ಬೇಡಿಕೆ ಸ್ಪಷ್ಟ. ವೀಸಾದಲ್ಲಿ ಏನಿದೆ ಎಂಬುದನ್ನು ದಳ್ಳಾಳಿ ಕೆಲಸಗಾರನ ಭಾಷೆಯಲ್ಲಿ ಬರೆದು ರುಜು ಹಾಕಿ ಕೊಡಬೇಕು. ಸಂದರ್ಶಕರ ವೀಸಾದಲ್ಲಿ ಕೆಲಸಕ್ಕೆ ಕಳಿಸಿದವನು ಜೈಲಿಗೆ ಹೋಗಬೇಕು. ವಲಸೆ ಕಚೇರಿಯಲ್ಲಿ ಕನ್ನಡ ಬಲ್ಲ ಗುಮಾಸ್ತನೊಬ್ಬ ಇರಬೇಕು.

ಅದು ಆಗುವ ತನಕ ನಮ್ಮ ಕಾವಲು ನಾವೇ. ಹಣ ಎಣಿಸುವ ಮೊದಲು ಕಾಗದವನ್ನು ಸಂಘಕ್ಕೆ ತನ್ನಿ. ಅದು ಕೆಲಸದ ವೀಸಾವೇ, ದಳ್ಳಾಳಿಯ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ, ಕರಾರಿನಲ್ಲಿ ಸಂಬಳವೆಷ್ಟು, ಎಲ್ಲವನ್ನೂ ಕೂಡಿ ಕೂತು ಓದೋಣ. ನಕಲು ಪ್ರತಿಯೊಂದು ಮನೆಯಲ್ಲಿರಲಿ. ಅಲ್ಲಿ ಇಳಿದ ದಿನದಿಂದ ದಿನ ಎಣಿಸಿ. ಗಡುವು ಹತ್ತಿರವಾದರೂ ಚೀಟಿ ಬಾರದಿದ್ದರೆ ಭಾರತೀಯ ರಾಯಭಾರ ಕಚೇರಿಗೆ ದೂರು ಕೊಡಿ, ನಮಗೂ ತಿಳಿಸಿ.

ಹೋಗುವುದು ಬೇಡ ಎನ್ನುವುದಿಲ್ಲ. ಹೊಟ್ಟೆ ಕರೆದಲ್ಲಿಗೆ ಕಾಲು ಹೋಗಲೇಬೇಕು. ಆದರೆ ಹೆಸರು ಬರೆಸಿಕೊಂಡು ಹೋಗೋಣ.