ಚಳಿಕಾಲವೋ, ಚಳಿಗಾಲವೋ?

ನಮ್ಮ ಭಾಗದ ಕನ್ನಡ ಶಾಲೆಯ ಬಾಲಕನೊಬ್ಬನು ಋತುಗಳನ್ನು ಕುರಿತ ಪ್ರಬಂಧದಲ್ಲಿ ‘ಚಳಿಕಾಲ’ ಎಂದು ಬರೆದಿದ್ದನು. ಗುರುಗಳು ಅದನ್ನು ‘ಚಳಿಗಾಲ’ ಎಂದು ತಿದ್ದಿದ್ದರು. ಒಂದಕ್ಷರದ ವಿಷಯದಲ್ಲಿ ಇಷ್ಟು ಬಿಗಿ ಏಕೆಂದು ತಂದೆ ಕೇಳಿದರು. ಕೇಳತಕ್ಕ ಪ್ರಶ್ನೆಯೇ ಸರಿ. ಬಾಲಕನದು ಅಜಾಗರೂಕತೆಯಲ್ಲ, ಬೀದಿಯಲ್ಲಿ ದಿನವೂ ಕಿವಿಗೆ ಬೀಳುವ ತೆಲುಗಿನ ‘ಚಲಿಕಾಲಂ’ ಅವನ ಲೇಖನಿಗೆ ಇಳಿದಿತ್ತು. ಎರಡು ನುಡಿಗಳ ನೆರೆ ನಮಗೆ ಹಳೆಯದು. 1953ರಲ್ಲಿ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಮೇಲೆ ಅದು ಇನ್ನಷ್ಟು ನಿಕಟವಾಯಿತು.

ಕನ್ನಡದ ಸಮಾಸದಲ್ಲಿ ಉತ್ತರಪದದ ಮೊದಲಿನ ಕ, ತ, ಪಗಳಿಗೆ ಪ್ರಾಯಶಃ ಗ, ದ, ಬಗಳು ಬರುತ್ತವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಣ್ ಮತ್ತು ಪನಿ ಸೇರಿ ಕಂಬನಿ. ಇದೇ ಆದೇಶಸಂಧಿ. ಇದರ ಮರ್ಮವು ಉಚ್ಚಾರಣೆಯಲ್ಲಿದೆ. ಕನ್ನಡದಲ್ಲಿ ಧ್ವನಿಯ ಒತ್ತು ಮೃದುವಾದದ್ದು. ಅದು ಸಾಮಾನ್ಯವಾಗಿ ಪದದ ಮೊದಲ ಅಕ್ಷರದ ಮೇಲೆ ಬೀಳುತ್ತದೆ. ‘ಚಳಿ, ಕಾಲ’ ಎಂದು ಬಿಡಿಸಿ ನುಡಿದರೆ ಎರಡು ಆರಂಭಗಳು. ‘ಚಳಿಗಾಲ’ ಎಂದರೆ ಒಂದೇ. ಆಗ ಕಕಾರವು ಪದದ ಮೊದಲಲ್ಲಿ ನಿಲ್ಲದೆ ಎರಡು ಸ್ವರಗಳ ನಡುವೆ ಸಿಕ್ಕಿ ಮೆದುವಾಗುತ್ತದೆ.

ದ್ವಂದ್ವಸಮಾಸದ ರೀತಿ ಬೇರೆ. ಅಣ್ಣತಮ್ಮ, ತಾಯಿತಂದೆ, ಕೆರೆಕಟ್ಟೆ: ಇಲ್ಲಿ ಎರಡು ಪದಗಳೂ ಸಮಾನ, ಒಂದು ಇನ್ನೊಂದಕ್ಕೆ ವಿಶೇಷಣವಲ್ಲ. ಆದುದರಿಂದ ಉತ್ತರಪದವು ತನ್ನ ಆರಂಭವನ್ನು ಬಿಟ್ಟುಕೊಡುವುದಿಲ್ಲ. ತೆಲುಗಿನಲ್ಲಾದರೋ ದ್ವಂದ್ವದಲ್ಲಿಯೇ ಅಕ್ಷರ ಬದಲಾಗುತ್ತದೆ: ಅನ್ನ, ತಮ್ಮುಡು ಸೇರಿ ‘ಅನ್ನದಮ್ಮುಲು’; ತಲ್ಲಿ, ತಂಡ್ರಿ ಸೇರಿ ‘ತಲ್ಲಿದಂಡ್ರುಲು’. ಕನ್ನಡ ಬದಲಿಸುವ ‘ಚಳಿಗಾಲ’ದಲ್ಲಿ ತೆಲುಗು ಬದಲಿಸದು, ತೆಲುಗು ಬದಲಿಸುವ ‘ಅನ್ನದಮ್ಮುಲು’ವಿನಲ್ಲಿ ಕನ್ನಡ ಬದಲಿಸದು. ಎರಡೂ ಕ್ರಮಬದ್ಧವಾದ ನುಡಿಗಳೇ. ಒಂದರ ಕ್ರಮವನ್ನು ಇನ್ನೊಂದರೊಳಗೆ ತಂದಾಗ ಮಾತ್ರ ತಪ್ಪಾಗುತ್ತದೆ.

ತಾಯಿತಂದೆಗಳು ಮನೆಯಲ್ಲಿ ಒಂದು ಸುಲಭ ಪರೀಕ್ಷೆ ಮಾಡಬಹುದು. ಸಮಾಸವನ್ನು ಬಿಡಿಸಿದಾಗ ‘ಅಣ್ಣನೂ ತಮ್ಮನೂ’ ಎಂಬಂತೆ ‘ಊ’ ಬಂದರೆ ಅಕ್ಷರವನ್ನು ಹಾಗೆಯೇ ಉಳಿಸುವುದು. ‘ಚಳಿಯ ಕಾಲ’ ಎಂಬಂತೆ ವಿಭಕ್ತಿ ಬಂದರೆ, ‘ಕೆಂಪಾದ ತಾವರೆ, ಕೆಂದಾವರೆ’ ಎಂಬಂತೆ ವಿಶೇಷಣ ಬಂದರೆ ಗ, ದ, ಬಗಳನ್ನು ನಿರೀಕ್ಷಿಸುವುದು. ‘ಪ್ರಾಯಶಃ’ ಎಂಬ ಮಾತನ್ನು ಮಾತ್ರ ಮರೆಯಬಾರದು. ರೂಢಿಯಲ್ಲಿ ಅಪವಾದಗಳೂ ಉಂಟು. ಬರೆಯುವಾಗ ಸಮಾಸದ ನಡುವೆ ತೆರಪು ಬೇಡ. ಸಾಲಿನ ತುದಿಯಲ್ಲಿ ಒಡೆಯಲೇಬೇಕಾದರೆ ಪದಗಳು ಕೂಡಿದಲ್ಲಿ, ‘ಚಳಿ’ ಒಂದು ಸಾಲಿಗೆ, ‘ಗಾಲ’ ಮುಂದಿನ ಸಾಲಿಗೆ ಬರುವಂತೆ ಒಡೆಯುವುದು ಲೇಸು. ‘ಚಳಿಗಾ’ ಎಂದು ನಿಲ್ಲಿಸಿದರೆ ಓದುವವನು ಎಡವುತ್ತಾನೆ.

ಇದನ್ನು ಮಕ್ಕಳು ಕೆಂಪು ಶಾಯಿಯಿಂದಲೇ ಕಲಿಯಬೇಕೆಂದಿಲ್ಲ. ಪ್ರತಿದಿನ ಹತ್ತು ಸಾಲುಗಳನ್ನು ಗಟ್ಟಿಯಾಗಿ ಓದಿಸಿದರೆ ಕಿವಿಯೇ ಕಲಿಸುತ್ತದೆ. ನಮ್ಮ ನುಡಿಯ ಹೆಸರು ಕೂಡ ಈ ನಿಯಮಕ್ಕೆ ಹೊರತಲ್ಲ: ಹಳೆಯದಾದ ಕನ್ನಡ ಹಳಗನ್ನಡ, ಹೊಸದಾದ ಕನ್ನಡ ಹೊಸಗನ್ನಡ.