ಸೂಜಿ ಹಿಡಿದ ಕೈಗೂ ಸ್ವಾಧ್ಯಾಯ ಬೇಕು



ಕಳೆದ ಮಳೆಗಾಲದಲ್ಲಿ ನಮ್ಮ ತಾಯಿಯವರನ್ನು ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ ಹಚ್ಚಿದ ಸಲೈನ್ ಬೆಳಗಿನ ಜಾವಕ್ಕೆ ರಕ್ತನಾಳ ಬಿಟ್ಟು ಹೊರಗೆ ಸೋರಿ ಮುಂಗೈ ಊದಿಕೊಂಡಿತ್ತು. "ತಾನೇ ಇಳಿಯುತ್ತದೆ" ಎಂದು ಒಬ್ಬ ಹುಡುಗಿ ಹೇಳಿ ಹೋದಳು. ಪಾಳಿ ಬದಲಾಗಿ ಬಂದ ಹಿರಿಯ ನರ್ಸ್‌ಬಾಯಿ ಕೈ ನೋಡಿದ ಕೂಡಲೇ ಹನಿ ನಿಲ್ಲಿಸಿ, ಸೂಜಿ ತೆಗೆದು, ಕೈಯನ್ನು ದಿಂಬಿನ ಮೇಲೆ ಎತ್ತರಿಸಿಟ್ಟು, ಡಾಕ್ಟರರಿಗೆ ತಿಳಿಸಿದರು. "ಬರೀ ಸಲೈನ್ ಆಗಿದ್ದಕ್ಕೆ ಪಾರಾದಿರಿ. ಕೆಲವು ಔಷಧಿಗಳು ಹೀಗೆ ಸೋರಿದರೆ ಆ ಜಾಗವೇ ಕೊಳೆತು ಹುಣ್ಣಾಗುತ್ತದೆ" ಎಂದರು. ಇಬ್ಬರೂ ಒಂದೇ ಸಮವಸ್ತ್ರದವರು, ಅಂತರವಿದ್ದದ್ದು ಕಲಿಕೆಯಲ್ಲಿ.

ಈ ಕಲಿಕೆಯನ್ನು ಅಮೆರಿಕದಲ್ಲಿ ಒಂದು ವಿಶೇಷ ವಿದ್ಯೆಯೆಂದೇ ಗಣಿಸಿದ್ದಾರೆ. ರಕ್ತನಾಳದ ಮೂಲಕ ಔಷಧಿ, ರಕ್ತ, ಪೋಷಕ ದ್ರವ ಕೊಡುವ ನರ್ಸ್‌ಗಳ ಸಂಘ ಅಲ್ಲಿ 1973ರಲ್ಲಿ ಹುಟ್ಟಿತು. ಇಂದು ಅದರ ಹೆಸರು ಇನ್‌ಫ್ಯೂಷನ್ ನರ್ಸಸ್ ಸೊಸೈಟಿ. ಇದರ ಸೋದರ ಸಂಸ್ಥೆಯೊಂದು ಪರೀಕ್ಷೆ ನಡೆಸಿ 'ಸಿ.ಆರ್.ಎನ್.ಐ.' ಎಂಬ ಪ್ರಮಾಣಪತ್ರ ಕೊಡುತ್ತದೆ. ಪರೀಕ್ಷೆಗೆ ಕೂರಲು ನೋಂದಾಯಿತ ನರ್ಸ್ ಆಗಿದ್ದರಷ್ಟೇ ಸಾಲದು. ಹಿಂದಿನ 2 ವರ್ಷಗಳಲ್ಲಿ ಈ ಕೆಲಸದಲ್ಲೇ 1,600 ಗಂಟೆಗಳ ಅನುಭವ ಬೇಕು. ತೇರ್ಗಡೆಯಾದರೂ ಪತ್ರದ ಆಯುಷ್ಯ 3 ವರ್ಷ ಮಾತ್ರ. ಆಮೇಲೆ 40 ಅಂಕಗಳಷ್ಟು ಮುಂದುವರಿದ ಶಿಕ್ಷಣ ತೋರಿಸಬೇಕು, ಇಲ್ಲವೇ ಮತ್ತೆ ಪರೀಕ್ಷೆ ಬರೆಯಬೇಕು.

ಇಷ್ಟು ಬಿಗಿ ಏಕೆ? ವಿದ್ಯೆ ನಿಂತ ನೀರಲ್ಲ. ಆ ಸಂಘದ ಕಾರ್ಯನಿಯಮಗಳ ಗ್ರಂಥವೇ 2016, 2021, 2024ರಲ್ಲಿ ಮತ್ತೆ ಮತ್ತೆ ಪರಿಷ್ಕೃತವಾಗಿದೆ. ದೀಪಾವಳಿಗೆ ಹೊಸ ಖಾತೆ ತೆರೆಯುವ ನಾವು ಹಳೆಯ ಬಾಕಿ ತಾಳೆ ನೋಡದೆ ಮುಂದಿನ ಪುಟ ತಿರುವುತ್ತೇವೆಯೇ? ಇದೂ ಹಾಗೆಯೇ.

ನಮ್ಮ ದೇಶದಲ್ಲಿಯೂ ದಾರಿ ಇದೆ. ಜಿ.ಎನ್.ಎಂ. 3 ವರ್ಷ, ಬಿ.ಎಸ್‌ಸಿ. ನರ್ಸಿಂಗ್ 4 ವರ್ಷ. ಬಳಿಕ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ. 5 ವರ್ಷಗಳಲ್ಲಿ 150 ಗಂಟೆಗಳ ಮುಂದುವರಿದ ಶಿಕ್ಷಣ ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತು ನವೀಕರಣಕ್ಕೆ ಹಾಕಿಕೊಟ್ಟ ಅಳತೆ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಮ್ಮ ಓಣಿಯ ಅಡತಿ ವ್ಯಾಪಾರಿಗಳೊಬ್ಬರ ಮಗಳು ನರ್ಸಿಂಗ್ ಓದುವೆನೆಂದು ಹಟ ಹಿಡಿದಾಗ ಅವರು ನಮ್ಮ ಸಲಹೆ ಕೇಳಿದ್ದರು. "ರಾತ್ರಿ ಪಾಳಿ, ಪರರ ಮಲಮೂತ್ರ, ನಮ್ಮ ಮನೆತನಕ್ಕೆ ಏಕೆ? ಬಿ.ಕಾಂ. ಮಾಡಿಸಿರಿ" ಎಂದಿದ್ದೆವು. ತಾಯಿಯವರ ಊದಿದ ಕೈ ನೋಡಿದ ಮೇಲೆ ಆ ಮಾತು ನಮಗೇ ಚುಚ್ಚುತ್ತಿದೆ. ನಮ್ಮವರ ಸೇವೆಗೆ ಪರರ ಹೆಣ್ಣುಮಕ್ಕಳು ಬೇಕು, ನಮ್ಮ ಹೆಣ್ಣುಮಕ್ಕಳು ಮಾತ್ರ ಆ ಸೇವೆಗೆ ಹೋಗಬಾರದು ಎಂಬುದು ಯಾವ ನ್ಯಾಯ? ಆ ಮಾತನ್ನು ಹಿಂದಕ್ಕೆ ಪಡೆದಿದ್ದೇವೆ. ಅವರ ಮನೆಗೆ ಹೋಗಿ ಹೇಳಿಯೂ ಬಂದಿದ್ದೇವೆ.

ಆರು ಅಂತರಂಗ ತಪಗಳಲ್ಲಿ ವೈಯಾವೃತ್ಯದ ಬೆನ್ನಿಗೇ ಸ್ವಾಧ್ಯಾಯ ಬರುತ್ತದೆ. ಸೇವೆ ಮತ್ತು ಅಧ್ಯಯನ ಜೊತೆಯಾಗಿರಬೇಕೆಂದು ನಾವು ಇದರಿಂದ ತಿಳಿಯಬಾರದೇ?

ಕೊನೆಗೆ ಎರಡು ಸೂಚನೆ. ಮಗಳನ್ನು ನರ್ಸಿಂಗ್‌ಗೆ ಸೇರಿಸುವವರು ಶುಲ್ಕ ಕಟ್ಟುವ ಮುಂಚೆ ಕಾಲೇಜಿನ ಮಾನ್ಯತೆಯನ್ನು ಪರಿಷತ್ತಿನಲ್ಲಿಯೇ ವಿಚಾರಿಸಿರಿ. ಮನೆಯಲ್ಲಿ ಹಿರಿಯರಿಗೆ ಸಲೈನ್ ಹಚ್ಚಿಸುವವರು ಡಾಕ್ಟರರ ಚೀಟಿಯಿಲ್ಲದೆ ಹಚ್ಚಿಸಬೇಡಿರಿ. ಬಂದವರ ನೋಂದಣಿ ಪತ್ರ ಕೇಳಲು ಸಂಕೋಚ ಬೇಡ. ಅಂಗಡಿಯಲ್ಲಿ ತೂಕ ಪರೀಕ್ಷಿಸುವ ನಾವು ಜೀವದ ವಿಷಯದಲ್ಲಿ ಕಣ್ಣು ಮುಚ್ಚಬಾರದು.