ಜೀವಕೋಶಕ್ಕೆ ‘ತುಕ್ಕು’ ಹಿಡಿಯುವುದು ನಿಜ, ಆದರೆ ಮಾತ್ರೆ ಅದನ್ನು ತೊಳೆಯುತ್ತದೆಯೇ?

ಒಂದು ಕಡೆ ಹೆಚ್ಚಿಟ್ಟು ಕಪ್ಪಾದ ಬದನೆಕಾಯಿ, ಇನ್ನೊಂದು ಕಡೆ ಸುಕ್ಕುಗಟ್ಟಿದ ಮುಖ, ಕೆಳಗೆ ಮಾತ್ರೆಯ ಡಬ್ಬಿ. ‘ನಿಮ್ಮ ಜೀವಕೋಶಗಳಿಗೂ ಹೀಗೇ ತುಕ್ಕು ಹಿಡಿಯುತ್ತಿದೆ, ಆಂಟಿಆಕ್ಸಿಡೆಂಟ್ ತೆಗೆದುಕೊಳ್ಳಿ’ ಎನ್ನುವ ಬಗೆಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಇದರ ಮೊದಲ ಅರ್ಧ ಹೆಚ್ಚುಕಡಿಮೆ ಸರಿ. ತೊಂದರೆ ಇರುವುದು ಎರಡನೆಯ ಅರ್ಧದಲ್ಲಿ.

ನಾವು ಉಸಿರಾಡಿ ಬಳಸುವ ಆಮ್ಲಜನಕದ ಬಹುಪಾಲು ಜೀವಕೋಶದೊಳಗೆ ಶಕ್ತಿ ತಯಾರಿಸುವಾಗ ನೀರಾಗಿ ಬದಲಾಗುತ್ತದೆ. ಸ್ವಲ್ಪ ಪಾಲು ಮಾತ್ರ ದಾರಿ ತಪ್ಪಿ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಪುಂಡ ಅಣುಗಳಾಗುತ್ತದೆ. ಸಿಗರೇಟಿನ ಹೊಗೆ, ವಿಕಿರಣ ಇವುಗಳಿಂದಲೂ ಅವು ಹುಟ್ಟುತ್ತವೆ. ಕೊಬ್ಬು, ಡಿಎನ್‌ಎ, ಪ್ರೋಟೀನ್ ಯಾವುದನ್ನೂ ಅವು ಬಿಡುವುದಿಲ್ಲ.

ಪ್ರೋಟೀನಿಗೆ ಆಗುವ ಗಾಯಗಳಲ್ಲಿ ವಿಜ್ಞಾನಿಗಳು ಹೆಚ್ಚು ಗಮನಿಸಿರುವುದು ಕಾರ್ಬೊನಿಲೀಕರಣವನ್ನು. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರ. ಆ ಸರದ ಲೈಸಿನ್, ಅರ್ಜಿನಿನ್, ಪ್ರೋಲಿನ್, ಥ್ರಿಯೋನಿನ್ ಎಂಬ ಮಣಿಗಳು ಏಟು ತಿಂದಾಗ ಅವುಗಳ ಮೇಲೆ ಕಾರ್ಬೊನಿಲ್ ಎಂಬ ಗುಂಪು ಮೂಡುತ್ತದೆ. ಸರದ ಆಕಾರ ಕೆಡುತ್ತದೆ. ಅದು ಕಿಣ್ವವಾಗಿದ್ದರೆ ಕೆಲಸವೇ ನಿಲ್ಲಬಹುದು. ಡಿಎನ್‌ಪಿಎಚ್ ಎಂಬ ರಾಸಾಯನಿಕ ಈ ಗುಂಪಿಗೆ ಅಂಟಿಕೊಳ್ಳುವುದರಿಂದ ಹಾನಿಯನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. ವಯಸ್ಸಾದ ಅಂಗಾಂಶಗಳಲ್ಲಿ, ಆಲ್ಝೈಮರ್ಸ್ ರೋಗಿಗಳ ಮಿದುಳಿನಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ. ಹಾಗೆಂದು ಅದೇ ರೋಗಕ್ಕೆ ಕಾರಣ ಎನ್ನುವಂತಿಲ್ಲ. ಸುಟ್ಟ ಮನೆಯಲ್ಲಿ ಬೂದಿ ಸಿಕ್ಕೇ ಸಿಗುತ್ತದೆ, ಬೆಂಕಿ ಹಚ್ಚಿದ್ದು ಬೂದಿಯಲ್ಲವಲ್ಲ.

ಫಾರ್ವರ್ಡ್‌ಗಳು ಹೇಳದ ಸಂಗತಿ ಇಲ್ಲಿದೆ: ಈ ಗಾಯವನ್ನು ದುರಸ್ತಿ ಮಾಡುವ ಸಾಮಾನ್ಯ ದಾರಿ ಜೀವಕೋಶದಲ್ಲಿಲ್ಲ. ಅದು ಕೆಟ್ಟ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ಗಿರಣಿಗೆ ಹಾಕಿ ಪುಡಿಮಾಡಿ, ಹೊಸದನ್ನು ಕಟ್ಟಿಕೊಳ್ಳುತ್ತದೆ. ಮಾತ್ರೆ ನುಂಗಿ ಹಳೆಯ ಕಲೆ ತೊಳೆಯುವ ಪ್ರಶ್ನೆಯೇ ಇಲ್ಲ.

ಆದರೆ ಹೊಸ ಗಾಯವಾಗದಂತೆ ತಡೆಯಬಹುದಲ್ಲ? ಕೇಳಬೇಕಾದ ಪ್ರಶ್ನೆಯೇ. ಮುಪ್ಪಿಗೆ ಈ ಅಣುಗಳೇ ಕಾರಣ ಎಂದು ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲೇ ವಾದಿಸಿದ್ದರು. ಮಾತ್ರೆಗಳ ಆಸೆ ಹುಟ್ಟಿದ್ದೂ ಇಂಥ ವಾದದಿಂದಲೇ. ಫಿನ್‌ಲೆಂಡ್‌ನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ಇದನ್ನು ಪರೀಕ್ಷಿಸಿದರು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ 18ರಷ್ಟು ಹೆಚ್ಚಾಯಿತು! ಫಲಿತಾಂಶ 1994ರಲ್ಲಿ ಹೊರಬಂತು. ಅಮೆರಿಕದಲ್ಲಿ ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಟ್ಟ ಪ್ರಯೋಗದಲ್ಲಿ ಶೇ 28ರಷ್ಟು ಹೆಚ್ಚಿತು, 1996ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಈ ಪುಂಡ ಅಣುಗಳು ಬರೀ ಶತ್ರುಗಳೂ ಅಲ್ಲ. ಬಿಳಿ ರಕ್ತಕಣಗಳು ಇವನ್ನೇ ಬಳಸಿ ರೋಗಾಣುಗಳನ್ನು ಕೊಲ್ಲುತ್ತವೆ. ವ್ಯಾಯಾಮದ ವೇಳೆ ಸ್ನಾಯುಗಳಿಗೆ ಇವು ಸಂಕೇತವೂ ಹೌದು: 2009ರ ಒಂದು ಅಧ್ಯಯನದಲ್ಲಿ ವ್ಯಾಯಾಮದ ಜೊತೆ ವಿಟಮಿನ್ ಸಿ ಮತ್ತು ಇ ಮಾತ್ರೆ ನುಂಗಿದ ಯುವಕರಿಗೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭವೇ ಸಿಗಲಿಲ್ಲ. ಬದನೆಕಾಯಿ ಹೋಳಿಗೆ ಈ ಲೆಕ್ಕಾಚಾರವೆಲ್ಲ ಇಲ್ಲ, ಅದು ಸುಮ್ಮನೆ ಕಪ್ಪಾಗುತ್ತದೆ. ನಮ್ಮ ಜೀವಕೋಶದಲ್ಲಾದರೋ ಕೆಟಲೇಸ್‌ನಂಥ ಕಿಣ್ವಗಳು ಹೆಚ್ಚುವರಿ ಪುಂಡರನ್ನು ಕ್ಷಣಕ್ಷಣವೂ ಹಿಡಿದು ಹಾಕುತ್ತಿರುತ್ತವೆ.

ಇದನ್ನು ಓದಿ ಕ್ಯಾರೆಟ್ ಪಲ್ಯ ಬಿಡಬೇಡಿ. ಪ್ರಯೋಗದಲ್ಲಿ ಕೊಟ್ಟದ್ದು ಮಾತ್ರೆ, ತರಕಾರಿಯಲ್ಲ. ಕೊರತೆ ಇದೆಯೆಂದು ವೈದ್ಯರು ಬರೆದುಕೊಟ್ಟ ವಿಟಮಿನ್ ಕೂಡ ಬೇರೆ ವಿಷಯ. ಆದರೆ ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರು ಯಾರಾದರೂ ‘ರಕ್ಷಣೆಗೆ’ ಎಂದು ಇಂಥ ಡಬ್ಬಿ ತರಿಸಿದ್ದರೆ, ಅದರ ಲೇಬಲ್‌ನಲ್ಲಿ ಬೀಟಾ ಕ್ಯಾರೋಟಿನ್ ಇದೆಯೇ ಎಂದು ಇವತ್ತೇ ನೋಡಿ. ಇದ್ದರೆ ಡಬ್ಬಿಯನ್ನು ವೈದ್ಯರಿಗೆ ತೋರಿಸಿ.